ಬಾಗಿಲ ಚಿತ್ರ

ಏಳನೆಯ ಚಿತ್ರ ಗೋಡೆಯ ಮೇಲೆ ಮೂಡಿದಾಗ ಕೋಣೆಯಲ್ಲಿ ಯಾರೋ "ಅಬ್ಬಾ" ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಎಕ್ಸ್-ರೇ ಅಕ್ಕನಿಗೆ ತನ್ನ ಚಿತ್ರಕ್ಕೆ ಈ ಒಂದು ಉದ್ಗಾರ ಬೀಳಬೇಕೆಂದು ಹನ್ನೊಂದು ವರ್ಷದ ಆಸೆ. ಈಗ ಬಿದ್ದಾಗ ಕೈಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ಅವಳು ಹಿಂದಕ್ಕೆ ತಿರುಗಲಿಲ್ಲ. ಕೊನೆಯ ಸಾಲಿನಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಕೂತಿದ್ದ. ಅವನು ಈಗ ಕತ್ತು ಚಾಚಿ ಗೋಡೆಯ ಮೇಲೆ ತನ್ನನ್ನೇ ಹುಡುಕುತ್ತಿರುತ್ತಾನೆ. ಅವನು ಅಲ್ಲಿಲ್ಲ ಎಂದು ಅವಳಿಗೆ ಗೊತ್ತು. ಅಲ್ಲಿಂದ ಅವನನ್ನು ಅಳಿಸಿದವಳು ಅವಳೇ.

ಚಿತ್ರ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬೆಳಗಿನ ಜಲಾಶಯ. ನೀರು ಇಳಿದು ದಡದ ಮಣ್ಣು ಪದರ ಪದರವಾಗಿ ಮೆಟ್ಟಿಲು ಬಿದ್ದಿತ್ತು. ಸೂರ್ಯ ಇನ್ನೂ ಬಂದಿರಲಿಲ್ಲ, ಬೆಳಕು ಮಾತ್ರ ಬಂದಿತ್ತು. ಒಂದಿಷ್ಟೂ ಅಲುಗದ ನೀರು, ಅದರೊಳಗೆ ತಲೆಕೆಳಗಾದ ಆಕಾಶ. ಆಚೆ ದಡ ಉದ್ದಕ್ಕೂ ಬೋಳು. ಗಿಡವಿಲ್ಲ, ದನವಿಲ್ಲ, ಮನುಷ್ಯನಿಲ್ಲ.

ಕನ್ನಡಕದ ಅಂಗಡಿಯ ಮೇಲಿನ ಕೋಣೆ ಅದು. ವಾರವಿಡೀ ಅಲ್ಲಿ ಫ್ರೇಮುಗಳ ಖಾಲಿ ಡಬ್ಬಿಗಳು, ಕಣ್ಣು ಪರೀಕ್ಷೆಯ ಹಳೆಯ ಅಕ್ಷರದ ಹಲಗೆ, ಕಾಲು ಮುರಿದ ಒಂದು ಸ್ಟೂಲು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರ ಅವೆಲ್ಲ ಮೂಲೆ ಸೇರಿ, ಒಂಬತ್ತು ಕುರ್ಚಿಗಳು ಸಾಲುಗಟ್ಟಿ, ಕಿಟಕಿಗೆ ಕಪ್ಪು ಬಟ್ಟೆ ಬೀಳುತ್ತಿತ್ತು. ಬೆಟ್ಟ, ಬಯಲು, ನೀರು, ಮೋಡ ಇವುಗಳ ಹಿಂದೆ ಬಿದ್ದ ಒಂಬತ್ತು ಜನರ ಬಳಗ ಅದು. ಬಳಗ ಕಟ್ಟಿದವರು ಭೂಗೋಳದ ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾದರೂ ಅವರ ಕೈಯಲ್ಲಿ ಇಂದಿಗೂ ಒಂದು ಬೆತ್ತ. ಗೋಡೆಯ ಮೇಲಿನ ಚಿತ್ರದಲ್ಲಿ ಇದು ಅದು ಎಂದು ತೋರಿಸಲು ಎಂದು ಅವರು ಹೇಳುತ್ತಾರೆ. ಅದನ್ನು ಕಂಡರೆ ಐವತ್ತು ದಾಟಿದವರೂ ಕಾಲು ಮಡಚಿ ನೆಟ್ಟಗೆ ಕೂರುತ್ತಾರೆ.

ಮೇಷ್ಟ್ರು ಹಾಕಿಕೊಟ್ಟ ಪದ್ಧತಿ ಒಂದೇ. ಚಿತ್ರಕ್ಕೆ ಹೆಸರಿಲ್ಲ, ನಂಬರು ಮಾತ್ರ. ಎಲ್ಲರೂ ಹೇಳಿ ಮುಗಿಸುವ ತನಕ ತೆಗೆದವರು ತುಟಿ ಬಿಚ್ಚುವಂತಿಲ್ಲ, ಮುಗಿದ ಮೇಲೆ ಕೈ ಎತ್ತಿ ತಮ್ಮದೆಂದು ಒಪ್ಪಿಕೊಳ್ಳಬೇಕು. "ಮಗು ಯಾರದ್ದು ಅಂತ ಮೊದಲೇ ಗೊತ್ತಾದ್ರೆ ಮೂಗು ಚಪ್ಪಟೆ ಅಂತ ಯಾರ್ರೀ ಹೇಳ್ತಾರೆ?" ಎಂಬುದು ಮೇಷ್ಟ್ರ ತರ್ಕ.

ಚಪ್ಪಟೆ ಮೂಗನ್ನು ಚಪ್ಪಟೆ ಎಂದೇ ಹೇಳುವುದರಲ್ಲಿ ಎಕ್ಸ್-ರೇ ಅಕ್ಕನನ್ನು ಮೀರಿಸಿದವರಿಲ್ಲ. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕಣ್ಣು ಅವಳದು. ಎಂಥ ಆಕಾಶ ಹಾಕಿದರೂ ಅದರಲ್ಲಿ ಅವಳಿಗೆ ಚುಕ್ಕೆ ಕಾಣುತ್ತಿತ್ತು. "ಮೂರನೇ ಮೋಡದ ಕೆಳಗೆ ಧೂಳಿದೆ ನೋಡಿ," ಎಂದು ಕೂತಲ್ಲಿಂದಲೇ ಹೇಳುವಳು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಒಂದು ಕಣ ಧೂಳು ಕೂತರೆ, ತೆಗೆದ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಒಂದು ಮಸುಕು ಚುಕ್ಕೆ ಬರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಒರೆಸಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಧೂಳೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದು. ಇದ್ದದ್ದನ್ನು ಅಳಿಸಬಾರದು, ಇಲ್ಲದ್ದನ್ನು ತುರುಕಬಾರದು.

ಈ ಕಟ್ಟಳೆ ಇಷ್ಟು ಬಿಗಿಯಾದದ್ದೂ ಅವಳಿಂದಲೇ. ಎರಡು ವರ್ಷದ ಹಿಂದೆ ಬೇಕರಿಯವನು ಒಂದು ಬಯಲಿನ ಚಿತ್ರ ತಂದಿದ್ದ. ಎಲ್ಲರೂ ತಲೆದೂಗಿದರು. ಇವಳು ಮಾತ್ರ ಎದ್ದು ಗೋಡೆಯ ಹತ್ತಿರ ಹೋಗಿ, "ಕರೆಂಟು ತಂತಿ ಎಲ್ಲಿ?" ಎಂದು ಕೇಳಿದಳು. ತಂತಿಯೇ ಇಲ್ಲವಲ್ಲ ಎಂದರು ಉಳಿದವರು. "ತಂತಿ ಇಲ್ಲ. ತಂತಿಯ ನೆರಳು ಹುಲ್ಲಿನ ಮೇಲೆ ಹಾಗೇ ಬಿದ್ದಿದೆ," ಎಂದಳು. ಬೇಕರಿಯವನ ಮುಖ ಓವನ್ನಿನ ಮುಂದೆ ನಿಂತಷ್ಟು ಕೆಂಪಾಯಿತು. ಒಂದು ವರ್ಷ ಅವನ ಚಿತ್ರಗಳನ್ನು ಬಳಗ ತೆಗೆದುಕೊಳ್ಳಲಿಲ್ಲ. ಆ ವರ್ಷವೂ ಅವನು ತಿಂಗಳು ತಪ್ಪದೆ ಬಂದ, ಎಲ್ಲರಿಗೂ ಬಿಸ್ಕತ್ತು ತಂದ, ಮೂಲೆಯಲ್ಲಿ ಕೂತು ನೋಡಿ ಹೋದ. ಅಂದಿನಿಂದ ಗೆದ್ದ ಚಿತ್ರದ ಒಡೆಯರನ್ನು ಮೇಷ್ಟ್ರು ಎಲ್ಲರೆದುರು ಒಂದು ಪ್ರಶ್ನೆ ಕೇಳುವುದು ರೂಢಿಯಾಯಿತು: "ಧೂಳು ಬಿಟ್ಟು ಬೇರೇನಾದ್ರೂ ತೆಗೆದಿದ್ದೀರಾ?"

ಇವತ್ತಿನ ಭಾನುವಾರ ಬರಿಯ ಭಾನುವಾರವಲ್ಲ. ವರ್ಷಕ್ಕೊಮ್ಮೆ ಊರ ಗ್ರಂಥಾಲಯದ ಮೊಗಸಾಲೆಯಲ್ಲಿ ಬಳಗದ ಪ್ರದರ್ಶನ. ಒಂಬತ್ತು ಜನರ ಚಿತ್ರಗಳೂ ತೂಗುತ್ತವೆ, ಆದರೆ ಒಂದೇ ಒಂದು ಚಿತ್ರ ಆಳೆತ್ತರ ಮುದ್ರಣವಾಗಿ ಬಾಗಿಲಲ್ಲೇ ನಿಲ್ಲುತ್ತದೆ. ಅದಕ್ಕೆ ಬಾಗಿಲ ಚಿತ್ರ ಎಂದೇ ಹೆಸರು. ಹನ್ನೊಂದು ವರ್ಷದಲ್ಲಿ ಎಕ್ಸ್-ರೇ ಅಕ್ಕನ ಚಿತ್ರ ಮೂರು ಸಲ ಬಾಗಿಲ ತನಕ ಬಂದು ಒಂದು ಮತ, ಎರಡು ಮತದಲ್ಲಿ ಜಾರಿತ್ತು. ಒಂದು ಬಂಡೆಯನ್ನೂ ನೆಟ್ಟಗೆ ನೋಡದವರ ಚಿತ್ರಗಳೂ ಬಾಗಿಲಲ್ಲಿ ನಿಂತಿದ್ದವು. ಈ ಸಲ ತನ್ನದೇ ಎಂದು ಅವಳಿಗೆ ಮೂರು ವಾರದಿಂದ ಗೊತ್ತಿತ್ತು. ಅಷ್ಟು ಖಾತ್ರಿಯಿದ್ದುದರಿಂದಲೇ ಗಂಡ "ನಾನೂ ಬರ್ಲಾ?" ಎಂದಾಗ ಬೇಡ ಎನ್ನಲಿಲ್ಲ.

ಅವನು ಕೇಳಿದ್ದೇ ಆಶ್ಚರ್ಯ. ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದವನು ಅವನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕನ್ನು ದಿನಕ್ಕೆ ನೂರು ಸಲ ಒತ್ತಿ ಒತ್ತಿ ಬಲಮಂಡಿ ಸವೆದಿತ್ತು. ಆರು ತಿಂಗಳ ಹಿಂದೆ ಸಾಕೆಂದು ಬಿಟ್ಟ. ಬಿಟ್ಟ ಮೇಲೆ ಮನೆಯಲ್ಲಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ನಲ್ಲಿ ಬಿಚ್ಚಿ ಜೋಡಿಸಿದ, ಫ್ಯಾನು ಇಳಿಸಿ ಏರಿಸಿದ, ಅವಳ ಅಡುಗೆ ಡಬ್ಬಿಗಳ ಜಾಗ ಬದಲಿಸಿ ಬೈಸಿಕೊಂಡ. ಅವಳ ಭಾನುವಾರಗಳ ಬಗ್ಗೆ ಅವನದು ಮೊದಲಿನಿಂದಲೂ ಒಂದೇ ಮಾತು. "ಕಲ್ಲು, ಮಣ್ಣು, ನೀರು. ಒಂದು ನರಪಿಳ್ಳೆ ಇಲ್ಲ ನಿನ್ನ ಫೋಟೋದಲ್ಲಿ. ಆಸ್ಪತ್ರೇಲಿ ದಿನಾ ಜನ ನೋಡಿ ನೋಡಿ ಸಾಕಾಗಿದೆಯೇನೋ." ಅವನು ತಮಾಷೆಗೆ ಹೇಳುತ್ತಿದ್ದ. ಅವಳಿಗೆ ಅದು ಪೂರಾ ತಮಾಷೆ ಅನ್ನಿಸುತ್ತಿರಲಿಲ್ಲ, ನಿಜವೂ ಆಗಿತ್ತು.

ಜಲಾಶಯಕ್ಕೆ ಹೋದ ದಿನ ಅವನೇ ಕಾರು ಹೊರಡಿಸಿದ್ದ. ಅವಳು ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಬಿಗಿದು, "ಅಳತೆಗೆ ಏನೂ ಇಲ್ವಲ್ಲ. ಎಷ್ಟು ದೊಡ್ಡದು ಅಂತ ಗೊತ್ತೇ ಆಗಲ್ಲ," ಎಂದು ತನ್ನಷ್ಟಕ್ಕೇ ಗೊಣಗಿದ್ದಳು. ಅವನು ಆಕಳಿಸಿ, ಕಾರಿನಲ್ಲಿ ಮಲಗುತ್ತೇನೆಂದು ಹೋದ. ಒಂದೂವರೆ ಗಂಟೆ ಬಿಟ್ಟು ಅವಳು ಸಾಮಾನು ಕಟ್ಟಿಕೊಂಡು ಬಂದರೆ ಅವನು ಸ್ಟಿಯರಿಂಗ್ ಹಿಡಿದು ಕೂತಿದ್ದ. ಬೆವರುತ್ತಿದ್ದ. ಶೂ ತುಂಬ ಕೆಸರು, ಹೊಸ ಮ್ಯಾಟಿನ ಮೇಲೂ ಕೆಸರು. ಎಲ್ಲಿ ಅಲೆದಿರಿ ಎಂದು ಕೇಳಲೂ ಇಲ್ಲ ಅವಳು. ಮ್ಯಾಟಿಗಾಗಿ ಮನೆ ಮುಟ್ಟುವವರೆಗೂ ಬೈದಳು. ಅವನು ನಗುತ್ತಲೇ ಕಾರು ಓಡಿಸಿದ.

ಇವತ್ತು ಬೆಳಿಗ್ಗೆ, ಇಲ್ಲಿಗೆ ಬರುವಾಗ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನು ಹೇಳಿಬಿಟ್ಟ.

"ನೀನು ಬಾಯಿ ಬಿಡ್ತೀಯಾ ಅಂತ ಮೂರು ವಾರದಿಂದ ಕಾಯ್ತಿದ್ದೀನಿ. ಗಟ್ಟಿ ಹೆಂಗಸು ನೀನು."

"ಏನು ಬಾಯಿ ಬಿಡೋದು?"

"ಆಚೆ ದಡದಲ್ಲಿ ನಿಂತಿದ್ನಲ್ಲ, ನಾನು. ಅಳತೆಗೆ ಏನೂ ಇಲ್ಲ ಅಂದೆಯಲ್ಲ, ಅದಕ್ಕೆ ಸುತ್ತು ಹಾಕ್ಕೊಂಡು ಹೋದೆ. ಈ ಮಂಡಿ ಇಟ್ಕೊಂಡು ಹೋಗಿ ಬರೋಕೆ ಎರಡು ಮೈಲಿ! ಇಪ್ಪತ್ತು ನಿಮಿಷ ಅಲ್ಲಾಡದೆ ನಿಂತಿದ್ದೆ ನೋಡು. ನೀನು ಪೇಷೆಂಟುಗಳಿಗೆ ಹೇಳ್ತೀಯಲ್ಲ, ಉಸಿರು ಹಿಡ್ಕೊಳ್ಳಿ, ಅಲ್ಲಾಡಬೇಡಿ ಅಂತ. ಹಾಗೇ." ಅವನು ಗೇರು ಬದಲಿಸಿದ. "ಕಂಡೆ ತಾನೇ?"

ಹಿಂದಿನ ಕಾರು ಹಾರನ್ ಹೊಡೆಯಿತು. ಅವಳು "ಹಸಿರು ಬಿತ್ತು, ಹೋಗಿ," ಎಂದಳು.

ಅವಳಿಗೆ ಜಲಾಶಯದಿಂದ ಬಂದ ದಿನದ ಸಂಜೆ ನೆನಪಾಗಿತ್ತು. ಡ್ಯೂಟಿ ಮುಗಿಸಿ ಬಂದು, ಸಣ್ಣ ಲ್ಯಾಪ್‌ಟಾಪಿನಲ್ಲಿ ತಾನು ಆರಿಸಿದ ಚಿತ್ರವನ್ನು ತೆರೆದು ಚುಕ್ಕೆ ಎಣಿಸಿದ್ದಳು. ಆಕಾಶದಲ್ಲಿ ನಾಲ್ಕು, ದಡದ ಮೇಲೆ ಒಂದು. ಕ್ಯಾಮೆರಾ ಸ್ವಚ್ಛ ಮಾಡಿಸಬೇಕು ಎಂದುಕೊಂಡು ಐದನ್ನೂ ಒರೆಸಿದ್ದಳು. ದಡದ ಮೇಲಿನದು ಎಳ್ಳುಕಾಳಿನಷ್ಟು ಇತ್ತು, ಉಳಿದವಕ್ಕಿಂತ ಕಪ್ಪಗಿತ್ತು, ಅಂಚು ಚೂಪಾಗಿತ್ತು. ಧೂಳು ಹಾಗೆ ಇರುವುದಿಲ್ಲ. ಇದನ್ನು ಬೇರೆಯವರಿಗೆ ನೂರು ಸಲ ಪಾಠ ಹೇಳಿದವಳು ಅವಳು. ಆಸ್ಪತ್ರೆಯಲ್ಲಿ ಅಂಥ ಚುಕ್ಕೆ ಕಂಡಿದ್ದರೆ ಡಾಕ್ಟರನ್ನು ಕರೆಯುತ್ತಿದ್ದಳು. ಮನೆಯಲ್ಲಿ ಒಂದು ಸಲ ದೊಡ್ಡದು ಮಾಡಿ ನೋಡಲಿಲ್ಲ.

ಈಗ ಚಿತ್ರ ಗೋಡೆಯ ಮೇಲಿತ್ತು, ಮತ್ತು ಅವಳು ಬಾಯಿ ಬಿಡುವಂತಿರಲಿಲ್ಲ.

ಮಾತು ಎಡಗಡೆಯಿಂದ ಶುರುವಾಯಿತು. ಕನ್ನಡಕದ ಅಂಗಡಿಯವರು ಮೂಗಿನ ಮೇಲಿನ ಕನ್ನಡಕ ಹಣೆಗೇರಿಸಿ, "ನನಗೆ ಈ ಖಾಲಿತನ ಹಿಡಿಸ್ತು. ಕಣ್ಣು ತಡೀದೆ ಹೋಗ್ತಾ ಇರುತ್ತೆ," ಎಂದರು. ಅವರ ಪಕ್ಕದವರು ಬಣ್ಣ ಹೊಗಳಿದರು. ಇನ್ನೊಬ್ಬರು ದಡದ ಮೆಟ್ಟಿಲುಗಳನ್ನು ಎಣಿಸಿದರು. ಪ್ರತಿ ಹೊಗಳಿಕೆಗೂ ಎಕ್ಸ್-ರೇ ಅಕ್ಕ ಕುರ್ಚಿಯಲ್ಲಿ ಒಂದು ಸಲ ಮಗ್ಗುಲಾದಳು. ಕೈಚೀಲ ತೊಡೆಯಿಂದ ಕೆಳಗಿಟ್ಟಳು, ಮತ್ತೆ ತೊಡೆಗೆ ತಂದಳು. ಹಿಂದಿನಿಂದ ಕುರ್ಚಿ ಕಿರ್ ಎಂದಿತು. ಅವನು ಮುಂದಕ್ಕೆ ಬಗ್ಗಿದ್ದಾನೆ.

ಬೇಕರಿಯವನ ಸರದಿ ಬಂತು. ಅವನು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನೋಡಿದ. "ಚೆನ್ನಾಗಿದೆ. ತುಂಬ ಚೆನ್ನಾಗಿದೆ. ಆದ್ರೆ ಆ ಎಡಗಡೆ ದಡದ ಹತ್ರ ಕಣ್ಣು ಯಾಕೋ ಹೋಗಿ ಹೋಗಿ ನಿಲ್ಲುತ್ತೆ. ನೋಡಿದ್ರೆ ಅಲ್ಲೇನೂ ಇಲ್ಲ. ಅದರ ಕೆಳಗೆ ನೀರಲ್ಲಿ ಒಂದು ಕಪ್ಪು ಗೀಟು ಇದೆ. ಹುಲ್ಲೋ ಏನೋ."

ಎಕ್ಸ್-ರೇ ಅಕ್ಕ ಗೋಡೆ ನೋಡಿದಳು. ಇತ್ತು. ನೀರಿನಲ್ಲಿ, ಬೆರಳ ಉಗುರಿನಷ್ಟು ಉದ್ದ, ನೇರ ನಿಂತ ಒಂದು ಗೀಟು. ದಡದ ಮೇಲಿದ್ದವನನ್ನು ಅಳಿಸಿದ್ದಳು, ನೀರಿನಲ್ಲಿ ತಲೆಕೆಳಗಾಗಿ ಬಿದ್ದಿದ್ದ ಅವನ ನೆರಳನ್ನು ಬಿಟ್ಟಿದ್ದಳು. ಎರಡು ವರ್ಷದ ಹಿಂದೆ ತಂತಿಯ ನೆರಳು ಹಿಡಿದು ಒಬ್ಬನನ್ನು ಎಲ್ಲರೆದುರು ನಿಲ್ಲಿಸಿದ ಕಣ್ಣು ಇದು. ಬೇಕರಿಯವನಿಗೆ ಗೊತ್ತಾಯಿತೇ? ಇಲ್ಲ, ಅವನು ಆಗಲೇ ಬಿಸ್ಕತ್ತಿನ ಡಬ್ಬಿಯನ್ನು ಪಕ್ಕಕ್ಕೆ ದಾಟಿಸುತ್ತಿದ್ದ.

"ಹಿಂದೆ ಕೂತಿರೋ ಅತಿಥಿಗಳು ಏನು ಹೇಳ್ತೀರಿ?" ಮೇಷ್ಟ್ರು ಬೆತ್ತ ಎತ್ತಿದರು. "ಇಲ್ಲಿಗೆ ಬಂದವರು ಬಾಯಿ ಮುಚ್ಕೊಂಡು ಹೋಗೋ ಹಾಗಿಲ್ಲ."

"ನನಗೇನು ಗೊತ್ತಾಗುತ್ತೆ ಸರ್. ಕ್ಲಚ್ಚು ಬ್ರೇಕು ಗೊತ್ತು." ಎಲ್ಲರೂ ನಕ್ಕರು. ಅವನು ಎದ್ದ. "ಹತ್ರ ಹೋಗಿ ನೋಡಬಹುದಾ?"

ಕುರ್ಚಿಗಳ ನಡುವೆ ಅವನು ಕಾಲೆಳೆದುಕೊಂಡು ಬಂದ. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬಂದಾಗ ಅವನ ಕತ್ತು, ಭುಜ ದೊಡ್ಡದಾಗಿ ಜಲಾಶಯದ ಮೇಲೆ ಕವಿದವು. ಯಾರೋ "ಪಕ್ಕಕ್ಕೆ, ಪಕ್ಕಕ್ಕೆ," ಎಂದರು. ಅವನು ಪಕ್ಕಕ್ಕೆ ಸರಿದು, ಗೋಡೆಗೆ ಮೂಗು ತಾಗುವಷ್ಟು ಬಗ್ಗಿ, ಆಚೆ ದಡದ ಮೇಲೆ ಬೆರಳಿಟ್ಟ. ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಗಿ ಒಂದು ಕಡೆ ನಿಂತಿತು. ತಾನು ಎಲ್ಲಿ ನಿಂತಿದ್ದೆ ಎಂದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅಲ್ಲಿಂದ ಬೆರಳು ಮೆಲ್ಲಗೆ ಕೆಳಗಿಳಿದು ನೀರಿನ ಗೀಟಿನ ಮೇಲೆ ಬಂತು. ಅಲ್ಲೇ ಉಳಿಯಿತು.

ಅವನು ತಿರುಗಿ ಹೆಂಡತಿಯನ್ನು ನೋಡಿದ. ಒಂದೇ ಕ್ಷಣ. ಅವಳು ಕಣ್ಣು ತಪ್ಪಿಸಲಿಲ್ಲ, ತಪ್ಪಿಸಲು ಆಗಲಿಲ್ಲ.

"ಹೌದು," ಎಂದ ಅವನು, ಬೇಕರಿಯವನ ಕಡೆ ತಿರುಗಿ. "ನೀವು ಹೇಳಿದ್ದು ಸರಿ. ಹುಲ್ಲೇ ಇರಬೇಕು. ಅಂಥ ಜಾಗದಲ್ಲಿ ಒಂದೊಂದು ಹುಲ್ಲುಕಡ್ಡಿ ಎದ್ದಿರುತ್ತೆ." ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಚಿತ್ರ ಚೆನ್ನಾಗಿದೆ ಸರ್. ಯಾರು ತೆಗೆದ್ರೋ, ಕಷ್ಟಪಟ್ಟು ತೆಗೆದಿದ್ದಾರೆ."

ಅವನು ಮತ್ತೆ ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಆ ಮನುಷ್ಯ ಒಂದು ಸುಳ್ಳನ್ನೂ ನೆಟ್ಟಗೆ ಹೇಳಿದ್ದನ್ನು ಅವಳು ಕಂಡಿರಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದವರ ಮನೆಯವರಿಗೆ ಸಮಾಧಾನ ಹೇಳಲೂ ತಡವರಿಸುತ್ತಿದ್ದ. ಇವತ್ತು ಎಷ್ಟು ಸಲೀಸಾಗಿ ಹೇಳಿದ. ಅವಳಿಗೆ ಅಳು ಬಂತು, ಜೊತೆಗೇ ಅವನ ಮೇಲೆ ಸಿಟ್ಟೂ ಬಂತು.

ಮತದಾನವಾಯಿತು. ಏಳನೆಯ ಚಿತ್ರಕ್ಕೆ ಏಳು ಕೈ. ಒಬ್ಬರು ಮಾತ್ರ ಬೇಕರಿಯವನ ಬಂಡೆಯ ಚಿತ್ರಕ್ಕೆ ಹಾಕಿದರು, ಅದು ಬೇಕರಿಯವನದೆಂದು ಯಾರಿಗೂ ಗೊತ್ತಿಲ್ಲದಂತೆ ಎಲ್ಲರಿಗೂ ಗೊತ್ತಿತ್ತು. "ಸರಿ, ತೆಗೆದವರು ಕೈ ಎತ್ತಿ," ಎಂದರು ಮೇಷ್ಟ್ರು. ಎಕ್ಸ್-ರೇ ಅಕ್ಕ ಎತ್ತಿದಳು. ಚಪ್ಪಾಳೆ ಬಿತ್ತು. ಕನ್ನಡಕದ ಅಂಗಡಿಯವರು "ಅಂತೂ ಬಾಗಿಲಿಗೆ ಬಂದ್ರಿ," ಎಂದು ಎದ್ದು ಬಂದು ಕೈ ಕುಲುಕಿದರು. ಮೇಷ್ಟ್ರು ಚಪ್ಪಾಳೆ ನಿಲ್ಲಲೆಂದು ಬೆತ್ತದಿಂದ ನೆಲ ಕುಟ್ಟಿದರು.

"ಏನಮ್ಮ, ಕೇಳೋದು ರೂಢಿ, ಕೇಳ್ತೀನಿ. ಧೂಳು ಬಿಟ್ಟು ಬೇರೇನಾದ್ರೂ ತೆಗೆದಿದ್ದೀರಾ?"

ಒಂದು "ಇಲ್ಲ" ಹೇಳಿದರೆ ಮುಗಿಯುತ್ತಿತ್ತು. ಹುಲ್ಲು ಎಂದು ಸಾಕ್ಷಿಯೂ ಸಿಕ್ಕಾಗಿತ್ತು. ಗ್ರಂಥಾಲಯದ ಬಾಗಿಲು, ಆಳೆತ್ತರದ ನೀರು, ಒಳಗೆ ಬರುವವರೆಲ್ಲ ಒಂದು ಕ್ಷಣ ತಡೆದು ನಿಲ್ಲುವುದು, ಎಲ್ಲ ಅವಳ ಕಣ್ಣ ಮುಂದೆ ಬಂತು. ಅದು ಅವಳಿಗೆ ಬೇಕಾಗಿತ್ತು. ತುಂಬ ಬೇಕಾಗಿತ್ತು.

"ತೆಗೆದಿದ್ದೀನಿ," ಎಂದಳು.

ಮೇಷ್ಟ್ರಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ. "ಏನು ತೆಗೆದಿರಿ?"

"ಆ ದಡದ ಮೇಲೆ ಒಬ್ರು ನಿಂತಿದ್ರು. ನಾನು ಧೂಳು ಅಂದ್ಕೊಂಡು ಒರೆಸಿಬಿಟ್ಟೆ. ಅದು ಹುಲ್ಲಲ್ಲ, ಅವರ ನೆರಳು. ಇವತ್ತು ಬೆಳಿಗ್ಗೆ ಗೊತ್ತಾಯ್ತು."

"ಯಾರು ನಿಂತಿದ್ರು?"

"ನಮ್ಮನೆಯವರು."

ಎಲ್ಲರೂ ಒಟ್ಟಿಗೆ ಹಿಂದಕ್ಕೆ ತಿರುಗಿದರು. ಆಮೇಲೆ ಬೇಕರಿಯವನು ಕೆಮ್ಮಿದ. "ಅಕ್ಕ, ತಂತಿ ತೆಗೆದಿದ್ದಕ್ಕೆ ನನ್ನನ್ನ ಒಂದು ವರ್ಷ ಹೊರಗಿಟ್ರಿ. ಗಂಡನ್ನ ತೆಗೆದಿದ್ದಕ್ಕೆ ಎಷ್ಟು ವರ್ಷ?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಗಂಡನೇ. ಕಲಿಯುವವರು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಕಂಗಾಲಾದಾಗ ಅವನು ಹಾಗೇ ನಗುತ್ತಿದ್ದ, ಹೆದರಿದವರಿಗೆ ಧೈರ್ಯವಾಗಲಿ ಎಂದು. ಅವನ ಮುಖ ಮಾತ್ರ ಕೆಂಪಾಗಿತ್ತು.

ಮೂಲ ಚಿತ್ರ ಇದ್ದರೆ ಅದನ್ನೇ ಹಾಕಿ, ಅದು ಮತ ಗೆದ್ದರೆ ಅದೇ ಬಾಗಿಲಿಗೆ ಹೋಗಲಿ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಅವಳು ಲ್ಯಾಪ್‌ಟಾಪಿನಲ್ಲಿ ಹುಡುಕಿ ಹಾಕಿದಳು. ಅದೇ ನೀರು, ಅದೇ ಆಕಾಶ, ಆಕಾಶದಲ್ಲಿ ನಾಲ್ಕು ಮಸುಕು ಚುಕ್ಕೆ. ಎಡಗಡೆ ದಡದ ಮೇಲೆ ಅವನು. ಯಾರೋ ದೊಡ್ಡದು ಮಾಡಿ ಎಂದರು. ಮಾಡಿದಳು. ಎರಡೂ ಕೈ ತೊಡೆಗೆ ಅಂಟಿಸಿ, ಗದ್ದ ಎತ್ತಿ, ಎದೆ ಸೆಟೆಸಿ ನಿಂತಿದ್ದ. ದಿನಕ್ಕೆ ಅರವತ್ತು ಜನ ಅವಳೆದುರು ಹಾಗೆ ನಿಲ್ಲುತ್ತಾರೆ. ಅವರಿಗೆಲ್ಲ ಅವಳು "ಆಯ್ತು, ಉಸಿರು ಬಿಡಿ" ಎನ್ನುತ್ತಾಳೆ. ಇವನಿಗೆ ಯಾರೂ ಹೇಳಿರಲಿಲ್ಲ.

ಮತ್ತೆ ಎಡಗಡೆಯಿಂದ ಮಾತು ಶುರುವಾಯಿತು. ಪದ್ಧತಿ ಎಂದರೆ ಪದ್ಧತಿ.

"ಇವರು ಇರಬೇಕು. ಈಗ ಗೊತ್ತಾಗುತ್ತೆ ನೀರು ಎಷ್ಟು ದೊಡ್ಡದು ಅಂತ," ಎಂದರು ಕನ್ನಡಕದ ಅಂಗಡಿಯವರು.

"ನನಗೆ ಅಡ್ಡ ಅನ್ಸುತ್ತೆ," ಎಂದ ಬೇಕರಿಯವನು. "ಕಣ್ಣು ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ತೀರಾ ಅಂಚಿಗೆ ನಿಂತಿದ್ದಾರೆ, ಸ್ವಲ್ಪ ಬಲಕ್ಕೆ ಬಂದಿದ್ರೆ ಬೇರೆ ಮಾತು. ಸರ್, ಬೇಜಾರು ಮಾಡ್ಕೋಬೇಡಿ, ನಿಮ್ಮ ಬಗ್ಗೆ ಹೇಳ್ತಿಲ್ಲ."

"ಪರವಾಗಿಲ್ಲ, ಹೇಳಿ ಹೇಳಿ."

"ಆ ಕೈ ಹಾಗೆ ಅಂಟಿಸ್ಕೊಂಡಿರೋದು ಕಂಬದ ಥರ ಕಾಣುತ್ತೆ," ಎಂದರು ಇನ್ನೊಬ್ಬರು. "ನಡೀತಾ ಇದ್ದಿದ್ರೆ ಚೆನ್ನಾಗಿರೋದು." ಹೀಗೆ ಎಂಟು ಜನ ಅವನನ್ನು ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ, ಕೂರಿಸಿ, ನಡೆಸಿ ನೋಡಿದರು. ಬಳಗದಲ್ಲಿ ಮುಖ ನೋಡಿ ಮಾತಾಡುವ ಅಭ್ಯಾಸವಿಲ್ಲ, ಮತ್ತು ಅದನ್ನು ಕಲಿಸಿದವಳು ಅವಳೇ. ಕೊನೆಗೆ ಮೇಷ್ಟ್ರು ಅವಳ ಕಡೆ ತಿರುಗಿದರು. "ನೀವು ಏನಂತೀರಮ್ಮ? ಇವರು ಬೇಕಾ, ಬೇಡ್ವಾ?"

"ತೆಗೆದವರು ಮಾತಾಡೋ ಹಾಗಿಲ್ಲ ಮೇಷ್ಟ್ರೇ," ಎಂದಳು.

ಮೂರು ಕೈ ಮಾತ್ರ ಎದ್ದವು, ಉಳಿದವು ಬಂಡೆಗೆ. ಬಾಗಿಲಿಗೆ ಬೇಕರಿಯವನ ಬಂಡೆ ಹೋಯಿತು. ಅವನು ಸಂಕೋಚದಿಂದ ಎದ್ದು ನಿಂತು, ಧೂಳು ಬಿಟ್ಟು ಏನೂ ತೆಗೆದಿಲ್ಲ, ಬೇಕಾದರೆ ಅಕ್ಕನೇ ಬಂದು ನೋಡಲಿ ಎಂದ. ಅಕ್ಕ ನೋಡಲು ಎದ್ದು ಹೋಗಲಿಲ್ಲ. ಕಿಟಕಿಯ ಕಪ್ಪು ಬಟ್ಟೆ ಎಳೆದಾಗ ಬಿಸಿಲು ನುಗ್ಗಿ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು.

ಕೆಳಗೆ, ಅಂಗಡಿಯ ಮುಚ್ಚಿದ ಶಟರ್ ಮುಂದೆ ಬಂದಾಗ ಅವನ ನಗು ಮುಗಿದಿತ್ತು.

"ಹುಲ್ಲು ಅಂತ ನಾನು ಹೇಳಿ ಆಗಿತ್ತಲ್ಲ. ಅಲ್ಲಿಗೆ ಬಿಡಬಾರದಿತ್ತಾ?"

"ಹೇಗೆ ಬಿಡ್ಲಿ?"

"ಹನ್ನೊಂದು ವರ್ಷ ಕಾದಿದ್ದೀಯ. ನಿಂದು ಆಗ್ಲಿ ಅಂತ ತಾನೇ ಹೇಳಿದ್ದು. ಈಗ ನಿನಗೂ ಬಾಗಿಲಿಲ್ಲ, ನನ್ನನ್ನೂ ಅಷ್ಟು ಜನರ ಮುಂದೆ ಧೂಳು ಮಾಡಿದೆ."

ತಪ್ಪಾಯಿತು ಎನ್ನಬಹುದಿತ್ತು. ಎಂದಳು ಕೂಡ. ಅವನು ಕೈ ಬೀಸಿ ಆ ಮಾತನ್ನು ಪಕ್ಕಕ್ಕಿಟ್ಟ. ಕಾರಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ಎರಡು ಸುತ್ತು ತಿರುಗಿಸಿದ.

"ಒಂದು ನಿಜ ಹೇಳು. ಈಗ ನಿನ್ನ ಪದ್ಧತಿ ಗಿದ್ಧತಿ ಏನಿಲ್ಲ. ನಾನಿಲ್ಲದೇ ಇದ್ದಿದ್ದೇ ಚೆನ್ನಾಗಿತ್ತಾ?"

ಅವಳು ಅವನ ಮುಖ ನೋಡಿದಳು. ಕಿವಿಯ ಹತ್ತಿರ ಕ್ಷೌರಕ್ಕೆ ತಪ್ಪಿಸಿಕೊಂಡ ನಾಲ್ಕು ಬಿಳಿ ಕೂದಲು. ಇವತ್ತಿನ ಸಭೆಗೆಂದು ಇಸ್ತ್ರಿ ಮಾಡಿಸಿದ ನೀಲಿ ಅಂಗಿ. ಸುಳ್ಳು ಹೇಳಿದರೆ ಅವನು ನಂಬುತ್ತಿದ್ದ, ಅಥವಾ ನಂಬಿದಂತೆ ಮಾಡುತ್ತಿದ್ದ.

"ಹೂಂ," ಎಂದಳು. "ಫೋಟೋ ಚೆನ್ನಾಗಿತ್ತು."

ಅವನು ತಲೆಯಾಡಿಸಿದ. "ಸರಿ," ಎಂದ, ಪಾಠದ ಕೊನೆಯಲ್ಲಿ ಇಂಜಿನ್ ಆರಿಸಿದವನಂತೆ. "ಬಿಸಿಲಿದೆ. ನೀನು ಇಲ್ಲೇ ನಿಂತಿರು, ಕಾರು ತರ್ತೀನಿ."

ಕಾರು ಎರಡು ಬೀದಿ ಆಚೆ ಇತ್ತು. ಅವನು ಹೊರಟ. ಬಲಗಾಲು ಊರುವಾಗ ಮೈ ಒಂದಿಷ್ಟು ಆ ಕಡೆ ವಾಲುತ್ತಿತ್ತು. ಔಷಧಿ ಅಂಗಡಿ ದಾಟಿದ, ಸೈಕಲ್ ಸಾಲು ದಾಟಿದ. ಅವನು ಹೀಗೆ ಹೋಗುವುದನ್ನು ತಾನು ನಿಂತು ನೋಡಿದ್ದೇ ಇಲ್ಲವಲ್ಲ ಎಂದುಕೊಂಡಳು. ಅವನು ಚಪ್ಪಲಿ ಮೆಟ್ಟುವ ಹೊತ್ತಿಗೆ ಅವಳು ಯಾವಾಗಲೂ ಒಳಗೆ ತಿರುಗಿಬಿಡುತ್ತಿದ್ದಳು. ಭಾನುವಾರದ ಪೇಟೆ. ಅವನ ಹಿಂದೆ ಜನ ಸೇರಿಕೊಂಡರು. ಒಂದು ಬಸ್ಸು ಅಡ್ಡ ಬಂದು ನಿಂತಿತು, ಹೋಯಿತು. ಅವಳು ಒಂದು ಹೆಜ್ಜೆ ರಸ್ತೆಗೆ ಇಳಿದಳು. ಅಂಗಿಯ ನೀಲಿ ಮತ್ತೆ ಸಿಕ್ಕಿತು, ಸಣ್ಣದಾಗಿ.

ಹಿಂದೆ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಬೇಕರಿಯವನು ಖಾಲಿ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಇಳಿದು ಬಂದ. "ಅಕ್ಕ, ಒಂದು ಮಾತು. ಆ ಬಂಡೆ ಚಿತ್ರದಲ್ಲಿ ಬಲಗಡೆ ಕೆಳಗೆ..."

"ತಡಿ," ಎಂದಳು ಅವಳು, ತಿರುಗದೆ. ತುದಿಗಾಲ ಮೇಲೆ ನಿಂತು, ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದಿದ್ದಳು. "ಒಂದ್ನಿಮಿಷ ತಡಿ."